ಮನೆಮಂದಿಗೆಲ್ಲ ಒಂದೇ ಗೇಮ್ ಕನ್ಸೋಲ್: ಕಾರವಾರ, ಶಿರಸಿ ಕಡೆಯ ಮನೆಗೆ ಯಾವುದು ಒಗ್ಗೀತು?

ಏಪ್ರಿಲ್ ರಜೆ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳ ಜಗಲಿಯಲ್ಲಿ ಇಬ್ಬರು ಇದ್ದ ಮಕ್ಕಳು ಆರೇಳು ಜನ ಆಗುತ್ತಾರೆ. ಬೆಂಗಳೂರಿನಿಂದ ಬರುವ ಚಿಕ್ಕಪ್ಪನೋ, ದುಬೈಯಿಂದ ಭಟ್ಕಳಕ್ಕೆ ಬರುವ ಮಾವನೋ "ಈ ಸಲ ಒಂದು ಗೇಮ್ ಕನ್ಸೋಲ್ ತರ್ತೇನೆ" ಅಂದಿದ್ದರೆ, ಅಂಗಡಿಗೆ ಹೋಗುವ ಮೊದಲು ಆ ಮನೆಯಲ್ಲಿ ಎಷ್ಟು ಜೊತೆ ಕೈ ಇವೆ ಎಂದು ಎಣಿಸಿಕೊಳ್ಳಲಿ. ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ಹುಟ್ಟಿದ್ದೇ ಒಬ್ಬರಿಗಾಗಿ. ಅದನ್ನು ಮನೆಮಂದಿಗೆ ಕೊಡಬೇಕಾದರೆ ಅದು ಟಿವಿಗೆ ಹೋಗುವಂತಿರಬೇಕು, ಇಲ್ಲವೇ ಅದರ ಮುಂದೆ ಇಬ್ಬರಾದರೂ ಕೂತು ಆಡುವಂತಿರಬೇಕು. ಇದನ್ನು ನೋಡದೆ ತಂದರೆ ಒಬ್ಬ ಆಡುತ್ತಾನೆ, ಉಳಿದವರು ಅವನ ಬೆನ್ನಿಗೆ ಜೋತು ಬೀಳುತ್ತಾರೆ. ಮೂರನೆಯ ದಿನ ಅಮ್ಮ ಅದನ್ನು ಕಪಾಟಿನ ಮೇಲೆ ಇಟ್ಟುಬಿಡುತ್ತಾಳೆ.

ನಮ್ಮ ಜಿಲ್ಲೆಯ ಮನೆಗಳಿಗೆ ಬೇರೆ ಲೆಕ್ಕಗಳೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಷ್ಟು ತೇವ. ಕರಾವಳಿಯಲ್ಲಿ ಅದರ ಜೊತೆ ಉಪ್ಪಿನ ಗಾಳಿ. ಗಾಳಿಮಳೆಗೆ ಹೋದ ಕರೆಂಟು ಯಾವಾಗ ಬಂತೋ ಆಗ. ಘಟ್ಟದ ಎಷ್ಟೋ ಊರುಗಳಲ್ಲಿ, ಜೋಯಿಡಾ ಕಡೆಯಂತೂ, ನೆಟ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಕೆಟ್ಟರೆ ಬಿಚ್ಚಿ ನೋಡುವವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಯೂಟ್ಯೂಬಿನ ವಿಮರ್ಶೆಗಳು ಚಿಪ್ಪು, ಫ್ರೇಮು ಎಂದು ಅಳೆಯುತ್ತವೆ, ಈ ನಾಲ್ಕನ್ನು ಅಳೆಯುವುದಿಲ್ಲ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಐದರಿಂದ ಹದಿಮೂರು ವರ್ಷದ ಮಕ್ಕಳಿರುವ, ಎಚ್‌ಡಿಎಂಐ ಇರುವ ಟಿವಿಯ ಮನೆಗೆ ಕೈಯಲ್ಲೂ ಟಿವಿಯಲ್ಲೂ ಆಡಬಹುದಾದ ನಿಂಟೆಂಡೊ ಕಂಪನಿಯ ಸ್ವಿಚ್ ಒಎಲ್‌ಇಡಿ ಕೊಡಿ. ಅಷ್ಟು ಹಣ ಇಲ್ಲವಾದರೆ 2019ರ ನಂತರದ ಸಾದಾ ಸ್ವಿಚ್, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಕಾಲೇಜು ಓದುವ ಒಬ್ಬನೇ ಮಗ ಅಥವಾ ಮಗಳಿರುವ ಮನೆಗೆ ಮಾತ್ರ ಕೈಯಲ್ಲಿ ಹಿಡಿಯುವ ಕಂಪ್ಯೂಟರುಗಳಾದ ಸ್ಟೀಮ್ ಡೆಕ್, ಆರ್‌ಒಜಿ ಅಲೈ ಕಡೆ ನೋಡಿ. ಯಾಕೆಂದು ಮುಂದೆ ಬಿಡಿಸಿ ಹೇಳಿದೆ.

ಸ್ವಿಚ್‌ನಲ್ಲಿ ನಾಲ್ಕು ಬಗೆ

2017ರ ಮಾರ್ಚ್ 3ರಂದು ಬಂದ ಮೊದಲ ಸ್ವಿಚ್‌ಗೆ 6.2 ಇಂಚಿನ ಪರದೆ, 32 ಜಿಬಿ ಜಾಗ. ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ. 2019ರಲ್ಲಿ ಹೊರನೋಟ ಬದಲಿಸದೆ ಒಳಗಿನ ಚಿಪ್ ಬದಲಿಸಿದರು. ಅದರಿಂದ ಬ್ಯಾಟರಿ ನಾಲ್ಕೂವರೆಯಿಂದ ಒಂಬತ್ತು ಗಂಟೆಗೆ ಏರಿತು. ಹಳೆಯದನ್ನು ಕೊಳ್ಳುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಡಬ್ಬಿ ಪೂರ್ತಿ ಕೆಂಪಿದ್ದರೆ ಹೊಸ ಚಿಪ್ಪಿನದು. ಬಿಳಿ ಹಿನ್ನೆಲೆಯಲ್ಲಿ ಕನ್ಸೋಲ್ ಹಿಡಿದ ಕೈ ಕಂಡರೆ ಮೊದಲ ಬಗೆಯದು. ಡಬ್ಬಿ ಇಲ್ಲದಿದ್ದರೆ ಕನ್ಸೋಲ್‌ನ ತಳದಲ್ಲಿರುವ ಸೀರಿಯಲ್ ನಂಬರ್ ನೋಡಿ: ಎಕ್ಸ್, ಎ ಎಂದು ಶುರುವಾದರೆ ಹಳೆಯದು, ಎಕ್ಸ್, ಕೆ ಎಂದಿದ್ದರೆ ಹೊಸದು.

2021ರ ಅಕ್ಟೋಬರ್‌ನಲ್ಲಿ ಬಂದ ಒಎಲ್‌ಇಡಿ ಬಗೆಯಲ್ಲಿ 7 ಇಂಚಿನ ಪರದೆ, 64 ಜಿಬಿ ಜಾಗ ಇದೆ. ಎರಡು ಬದಿಯ ಬಿಚ್ಚಬಹುದಾದ ಹಿಡಿಕೆಗಳು, ಅಂದರೆ ಜಾಯ್‌ಕಾನ್, ಸೇರಿ ತೂಕ ಸುಮಾರು 420 ಗ್ರಾಂ. ಆಟ ಅದೇ, ವೇಗ ಅದೇ. ಆದರೂ ಮನೆಗೆ ಇದನ್ನೇ ಹೇಳುವುದು ಹಿಂದಿನ ಕಾಲಿನ ಕಾರಣಕ್ಕೆ. ಮೊದಲ ಸ್ವಿಚ್‌ನಲ್ಲಿ ಒಂದು ಮೂಲೆಗೆ ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಇದೆ. ಮೇಜು ಸ್ವಲ್ಪ ಅಲುಗಿದರೂ ಕನ್ಸೋಲ್ ಮಗುಚಿ ಬೀಳುತ್ತದೆ. ಒಎಲ್‌ಇಡಿಯಲ್ಲಿ ಬೆನ್ನಿನ ಅಗಲಕ್ಕೂ ಗಟ್ಟಿ ಹಲಗೆಯಂಥ ಕಾಲು ಇದೆ, ಬೇಕಾದ ಕೋನಕ್ಕೆ ನಿಲ್ಲುತ್ತದೆ. ಕರೆಂಟು ಹೋಗಿ ಟಿವಿ ಆರಿದಾಗ ಜಗಲಿಯ ಮಣೆ ಮೇಲೆ ಇದನ್ನು ನಿಲ್ಲಿಸಿ ಇಬ್ಬರು ಆಟ ಮುಂದುವರಿಸಬಹುದು. ಮಳೆಗಾಲದ ಸಂಜೆಗೆ ಇದೇ ದೊಡ್ಡ ಅನುಕೂಲ.

ಸ್ವಿಚ್‌ನ ಜಾಣತನ ಇರುವುದು ಆ ಎರಡು ಜಾಯ್‌ಕಾನ್‌ಗಳಲ್ಲಿ. ಹಿಂಬದಿಯ ಸಣ್ಣ ದುಂಡು ಗುಂಡಿ ಒತ್ತಿ ಮೇಲಕ್ಕೆ ಜಾರಿಸಿದರೆ ಬಿಚ್ಚಿ ಬರುತ್ತವೆ, ಅಡ್ಡ ಹಿಡಿದರೆ ಒಂದೊಂದೂ ಒಬ್ಬರ ಕಂಟ್ರೋಲರ್. ಅಂದರೆ ಡಬ್ಬಿ ತೆರೆದ ಕೂಡಲೇ ಇಬ್ಬರ ಆಟ ಸಿದ್ಧ. ಇನ್ನೊಂದು ಜೊತೆ ಕೊಂಡರೆ ಟಿವಿಯಲ್ಲಿ ನಾಲ್ವರು. ಬೇರೆ ಹೆಚ್ಚಿನ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಎರಡನೆಯವರಿಗೆ ಬೇರೆ ಕಂಟ್ರೋಲರ್ ಕೊಳ್ಳಬೇಕು.

ಅಡ್ಡ ಹಿಡಿದಾಗ ಮೇಲೆ ಬರುವ ಅಂಚಿನಲ್ಲಿ ಎರಡು ಚಿಕ್ಕ ಗುಂಡಿಗಳಿರುತ್ತವೆ, ದೊಡ್ಡವರ ಬೆರಳಿಗೆ ಅವು ಸಿಗುವುದೇ ಕಷ್ಟ. ಅದಕ್ಕೇ ದಾರವಿರುವ ಪಟ್ಟಿ ಕೊಟ್ಟಿರುತ್ತಾರೆ. ಮನೆಯಲ್ಲಿ ಮೊದಲ ದಿನವೇ ಆಗುವ ಎಡವಟ್ಟು ಇಲ್ಲೇ: ಪಟ್ಟಿಯನ್ನು ತಿರುಗಾಮುರುಗಾ ಜಾರಿಸಿದರೆ ಕಚ್ಚಿಕೊಂಡು ಕೂರುತ್ತದೆ. ಪಟ್ಟಿಯ ಮೇಲೆ ಕೂಡಿಸುವ ಅಥವಾ ಕಳೆಯುವ ಚಿಹ್ನೆ ಇದೆ, ಜಾಯ್‌ಕಾನ್ ಮೇಲೂ ಇದೆ. ಎರಡೂ ಒಂದೇ ಆಗಿದ್ದರೆ ಮಾತ್ರ ಹಾಕಿ. ಕಚ್ಚಿಕೊಂಡರೆ ಪಟ್ಟಿಯ ತುದಿಯ ಲಾಕ್ ಬಿಟ್ಟಿದೆಯೇ ನೋಡಿ, ಅಲ್ಲಾಡಿಸದೆ ನೇರ ಎಳೆಯಿರಿ. ಚಾಕು, ಸ್ಕ್ರೂಡ್ರೈವರ್ ತೂರಿಸಿದರೆ ಹಳಿ ಬಾಗಿ, ಆಮೇಲೆ ಕನ್ಸೋಲ್‌ಗೆ ಜಾಯ್‌ಕಾನ್ ಗಟ್ಟಿಯಾಗಿ ಕೂರುವುದಿಲ್ಲ.

ಸ್ವಿಚ್ ಲೈಟ್ ಅಗ್ಗ, 275 ಗ್ರಾಂ ಮಾತ್ರ, ಮಗುವಿನ ಕೈಗೆ ಚೆನ್ನಾಗಿ ಒಗ್ಗುತ್ತದೆ. ಅಂಗಡಿಯವರು "ಮಕ್ಕಳಿಗೆ ಇದೇ ಸಾಕು" ಎಂದು ಕೊಡುವುದೂ ಇದನ್ನೇ. ಆದರೆ ಇದು ಟಿವಿಗೆ ಹೋಗುವುದೇ ಇಲ್ಲ, ಕನ್ಸೋಲನ್ನು ಟಿವಿಗೆ ಜೋಡಿಸುವ ಡಾಕ್ ಎಂಬ ತೊಟ್ಟಿಲು ಕೊಂಡರೂ ಇಲ್ಲ. ಜಾಯ್‌ಕಾನ್ ಬಿಚ್ಚಿ ಬರುವುದಿಲ್ಲ, ನಿಲ್ಲಿಸಲು ಕಾಲೂ ಇಲ್ಲ. ಕೈ ಬೀಸಿ ಆಡುವ ಸ್ವಿಚ್ ಸ್ಪೋರ್ಟ್ಸ್‌ನಂಥ ಆಟಕ್ಕೆ ಬೇರೆ ಜಾಯ್‌ಕಾನ್ ಜೊತೆ ಕೊಳ್ಳಬೇಕು, ಅದನ್ನು ಚಾರ್ಜ್ ಮಾಡಲು ಬೇರೆ ಸ್ಟ್ಯಾಂಡ್ ಬೇಕು. ಹೆಬ್ಬೆರಳಿನಿಂದ ತಿರುಗಿಸುವ ಕೋಲಿನಲ್ಲಿ (ಸ್ಟಿಕ್) ದೋಷ ಬಂದರೆ ಉಳಿದ ಸ್ವಿಚ್‌ಗಳಲ್ಲಿ ಜಾಯ್‌ಕಾನ್ ಮಾತ್ರ ಬದಲಿಸಿದರಾಯಿತು. ಲೈಟ್‌ನಲ್ಲಿ ಇಡೀ ಕನ್ಸೋಲ್ ಬಿಚ್ಚಬೇಕು. ಒಬ್ಬನೇ ಮಗು, ಹಾಸ್ಟೆಲ್ಲಿಗೋ ಪ್ರಯಾಣಕ್ಕೋ ಆದರೆ ಲೈಟ್ ಒಳ್ಳೆಯ ವಸ್ತು. ಮನೆಮಂದಿಗೆ ಬೇಡ.

ಸ್ವಿಚ್ 2 ಬಂದದ್ದು 2025ರ ಜೂನ್ 5ರಂದು. 7.9 ಇಂಚು, 256 ಜಿಬಿ, ಡಾಕ್‌ನಲ್ಲಿಟ್ಟರೆ 4ಕೆ ಟಿವಿಗೆ ತಕ್ಕ ಚಿತ್ರ. ಜಾಯ್‌ಕಾನ್ ಅಯಸ್ಕಾಂತದಿಂದ ಅಂಟಿಕೊಳ್ಳುತ್ತದೆ. ಹಳೆಯ ಆಟಗಳಲ್ಲಿ ಹೆಚ್ಚಿನವು ಇದರಲ್ಲೂ ನಡೆಯುತ್ತವೆ. ದುಡ್ಡಿಗೆ ತೊಂದರೆ ಇಲ್ಲದವರಿಗೆ, ಐದಾರು ವರ್ಷ ಹೊಸ ಆಟ ಬೇಕೆನ್ನುವವರಿಗೆ ಇದೇ ಸರಿ. ತರುವವರು ಮಾತ್ರ ಮೂರು ಕಡೆ ಎಚ್ಚರ ಇರಬೇಕು.

ಜಪಾನಿನಲ್ಲಿ ಇದರ ಅಗ್ಗದ ಬಗೆಯೊಂದಿದೆ, ಬಿಡುಗಡೆಯಾದಾಗ 49,980 ಯೆನ್ ಇತ್ತು. ಅದರಲ್ಲಿ ಜಪಾನಿ ಬಿಟ್ಟು ಬೇರೆ ಭಾಷೆ ಇಲ್ಲ, ಜಪಾನಿನ ಅಕೌಂಟ್ ಬಿಟ್ಟು ಬೇರೆ ಅಕೌಂಟ್ ಸೇರಿಸಲಾಗದು. ಆನ್‌ಲೈನಿನಲ್ಲಿ ಯಾರಾದರೂ ಉಳಿದವರಿಗಿಂತ ತುಂಬ ಕಡಿಮೆಗೆ ಕೊಡುತ್ತಿದ್ದರೆ ಮೊದಲು ಇದನ್ನೇ ಕೇಳಿ. ಎರಡನೆಯದು ಕಾರ್ಡು: ಆಟ ತುಂಬಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಮನೆಯಲ್ಲಿರುವ ಸಾದಾ ಕಾರ್ಡ್ ನಡೆಯುವುದಿಲ್ಲ. ಮೂರನೆಯದು ಘಟ್ಟದ ಮೇಲಿನ ಮನೆಗಳಿಗೆ ಎಲ್ಲಕ್ಕಿಂತ ಮುಖ್ಯ. ಸ್ವಿಚ್ 2ರ ಕೆಲವು ಆಟಗಳು ಗೇಮ್-ಕೀ ಕಾರ್ಡ್ ಆಗಿ ಬರುತ್ತವೆ. ಕಾರ್ಟ್ರಿಜ್, ಅಂದರೆ ಕನ್ಸೋಲಿಗೆ ತೂರಿಸುವ ಆಟದ ಪುಟ್ಟ ಕಾರ್ಡ್, ಕೈಗೆ ಬರುತ್ತದೆ, ಆದರೆ ಅದರೊಳಗೆ ಆಟ ಇಲ್ಲ, ಬರೀ ಬೀಗದ ಕೈ. ಆಟ ಪೂರ್ತಿ ನೆಟ್‌ನಿಂದ ಇಳಿಯಬೇಕು, ಆಮೇಲೂ ಆ ಕಾರ್ಡ್ ಹಾಕಿದರೆ ಮಾತ್ರ ನಡೆಯುತ್ತದೆ. ಡಬ್ಬಿಯ ಮುಂಭಾಗದ ಕೆಳಗೆ ಬಿಳಿ ಪಟ್ಟಿಯಲ್ಲಿ ಕೀಲಿಕೈ ಚಿತ್ರ ಇದ್ದರೆ ಅದು ಇಂಥದ್ದು. ನೆಟ್ ಇಲ್ಲದ ಮನೆಗೆ ಅಂಥ ಆಟ ಒಯ್ದರೆ ಮಗು ಖಾಲಿ ಡಬ್ಬಿ ಹಿಡಿದು ಕೂರಬೇಕಾಗುತ್ತದೆ.

ಬ್ಯಾಟರಿಯೂ ಇದರಲ್ಲಿ ಎರಡರಿಂದ ಆರೂವರೆ ಗಂಟೆ ಅಷ್ಟೇ. ತೂಕ ಜಾಯ್‌ಕಾನ್ ಸೇರಿ 534 ಗ್ರಾಂ, ಹೆಚ್ಚುಕಡಿಮೆ ಒಂದು ಸುಲಿದ ತೆಂಗಿನಕಾಯಿ. ಆರು ವರ್ಷದ ಮಗು ಅಷ್ಟನ್ನು ಎತ್ತಿ ಹಿಡಿದು ಅರ್ಧ ಗಂಟೆ ಆಡಲಾರದು, ತೊಡೆಯ ಮೇಲೆ ಇಟ್ಟುಕೊಂಡು ಕತ್ತು ಬಗ್ಗಿಸುತ್ತದೆ.

ಬೆಲೆಯ ಅಂದಾಜಿಗೆ ಅಮೆರಿಕದ ಬಿಡುಗಡೆ ಬೆಲೆ ನೋಡಿ: ಲೈಟ್ 199.99 ಡಾಲರ್, ಸಾದಾ ಸ್ವಿಚ್ 299.99, ಒಎಲ್‌ಇಡಿ 349.99, ಸ್ವಿಚ್ 2 449.99. ನಿಂಟೆಂಡೊ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಹಾಗಾಗಿ ಇಲ್ಲಿ ಸಿಗುವುದೆಲ್ಲ ಆಮದಾದ ಮಾಲು. ಬೆಲೆ ಅಂಗಡಿಗೊಂದು, ವಾರಕ್ಕೊಂದು. "ಒಂದು ವರ್ಷ ವಾರಂಟಿ" ಅಂದರೆ ಆ ಅಂಗಡಿಯವನ ಮಾತು, ಕಂಪನಿಯದಲ್ಲ. ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕನ್ನಡ ಶಾಲೆಯ ಮಕ್ಕಳಿಗೆ ಯಾವ ಆಟ

ಸ್ವಿಚ್‌ನಲ್ಲಾಗಲಿ, ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಲ್ಲಾಗಲಿ ಮೆನು ಕನ್ನಡದಲ್ಲಿಲ್ಲ. ಎರಡನೇ ಕ್ಲಾಸಿನ ಮಗುವಿಗೆ ಸಂಭಾಷಣೆ ತುಂಬಿದ ಸಾಹಸದ ಆಟ ತಂದುಕೊಟ್ಟರೆ ಅದು ಪ್ರತಿ ನಿಮಿಷಕ್ಕೂ "ಇದು ಏನ್ ಹೇಳ್ತದೆ" ಎಂದು ಓಡಿ ಬರುತ್ತದೆ. ಓದದೆ ಆಡಬಹುದಾದ ಆಟದಿಂದ ಶುರು ಮಾಡಿ. ಮಾರಿಯೊ ಕಾರ್ಟ್ 8 ಡಿಲಕ್ಸ್ ಅದಕ್ಕೆ ಎಲ್ಲಕ್ಕಿಂತ ಸರಿ: ಒಂದೇ ಪರದೆಯಲ್ಲಿ ನಾಲ್ವರು, ಒಬ್ಬೊಬ್ಬರಿಗೆ ಒಂದೊಂದೇ ಜಾಯ್‌ಕಾನ್ ಸಾಕು. ಅದರಲ್ಲಿ ಸ್ಮಾರ್ಟ್ ಸ್ಟೀರಿಂಗ್ ಎಂಬುದಿದೆ, ಆನ್ ಮಾಡಿದರೆ ಗಾಡಿ ರಸ್ತೆ ಬಿಟ್ಟು ಹೊಂಡಕ್ಕೆ ಬೀಳುವುದಿಲ್ಲ. ಐದು ವರ್ಷದ ಮಗು, ಎಪ್ಪತ್ತರ ಅಜ್ಜಿ ಇಬ್ಬರೂ ರೇಸು ಮುಗಿಸುತ್ತಾರೆ. ಪ್ರತಿ ಆಟಗಾರರಿಗೂ ಇದನ್ನು ಬೇರೆ ಬೇರೆ ಹಾಕಬಹುದು, ಆದ್ದರಿಂದ ದೊಡ್ಡ ಮಕ್ಕಳಿಗೆ ಅದನ್ನು ತೆಗೆದಿಡಿ. ಸೂಪರ್ ಮಾರಿಯೊ ಬ್ರದರ್ಸ್ ವಂಡರ್‌ನಲ್ಲಿ ಯೋಷಿ ಅಥವಾ ನ್ಯಾಬಿಟ್ ಆಯ್ದುಕೊಂಡರೆ ಶತ್ರು ತಾಗಿದರೂ ಏನೂ ಆಗುವುದಿಲ್ಲ. ತಂಗಿಗೆ ಅದನ್ನು ಕೊಡಿ, ಅಣ್ಣನಿಗೆ ಮಾರಿಯೊ.

ಆಟವನ್ನು ಆದಷ್ಟು ಕಾರ್ಟ್ರಿಜ್ ಆಗಿಯೇ ಕೊಳ್ಳಿ. ಭಾರತಕ್ಕೆ ನಿಂಟೆಂಡೊದ ಆನ್‌ಲೈನ್ ಅಂಗಡಿ ಇಲ್ಲ, ಬೇರೆ ದೇಶದ ಅಕೌಂಟ್ ಮಾಡಿ ಆ ದೇಶದ ಗಿಫ್ಟ್ ಕೋಡ್ ಹುಡುಕುವ ತಾಪತ್ರಯ ಊರಿನ ಮನೆಗೆ ಹೊರಿಸಬಾರದು. ಕಾರ್ಟ್ರಿಜ್‌ಗೆ ದೇಶದ ಬೇಲಿ ಇಲ್ಲ. ದುಬೈಯಲ್ಲಿ ಕೊಂಡದ್ದು ಹೊನ್ನಾವರದಲ್ಲಿ ನಡೆಯುತ್ತದೆ. ಬೇಸರ ಬಂದರೆ ಕುಮಟಾದ ಅತ್ತೆ ಮಗನ ಜೊತೆ ಬದಲಾಯಿಸಿಕೊಳ್ಳಬಹುದು, ಮಾರಬಹುದು. ಅಂಚೆಚೀಟಿಯಷ್ಟು ಚಿಕ್ಕದಾದ್ದರಿಂದ ಮಗು ಬಾಯಿಗೆ ಹಾಕೀತೆಂಬ ಭಯ ಸಹಜ. ಅದಕ್ಕೇ ಅದರ ಮೇಲೆ ಡೆನಾಟೋನಿಯಂ ಬೆಂಜೊಯೇಟ್ ಎಂಬ ಕಹಿ ಬಳಿದಿದ್ದಾರೆ, ನಾಲಿಗೆಗೆ ತಾಗಿದ ಕೂಡಲೇ ಉಗುಳುವಷ್ಟು ಕಹಿ. ಮೈಕ್ರೊಎಸ್‌ಡಿ ಕಾರ್ಡಿಗೆ ಆ ಕಹಿ ಇಲ್ಲ. ಅದನ್ನು ಹಾಕಿದ ಮೇಲೆ ಮತ್ತೆ ತೆಗೆಯುವ ಕೆಲಸವಿಲ್ಲ, ಒಳಗೇ ಇರಲಿ.

ಸ್ಟೀಮ್ ಡೆಕ್, ಆರ್‌ಒಜಿ ಅಲೈ

ಇವು ಕೈಯಲ್ಲಿ ಹಿಡಿಯುವ ಕಂಪ್ಯೂಟರುಗಳು. ಇವುಗಳ ದೊಡ್ಡ ಲಾಭ ಆಟದ ಬೆಲೆಯಲ್ಲಿದೆ. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇದೆ, ಯುಪಿಐಯಲ್ಲಿ ಕಟ್ಟಬಹುದು, ವರ್ಷಕ್ಕೆ ನಾಲ್ಕಾರು ಸಲ ದೊಡ್ಡ ರಿಯಾಯಿತಿ ಬರುತ್ತದೆ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು. ನಿಂಟೆಂಡೊದ ಒಂದು 60 ಡಾಲರಿನ ಆಟದ ದುಡ್ಡಿಗೆ ಇಲ್ಲಿ ನಾಲ್ಕೈದು ಸಣ್ಣ ಒಳ್ಳೆಯ ಆಟ ಬರುತ್ತವೆ. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಆರು ಜನರ ತನಕ ಸೇರಿ ಆಟಗಳನ್ನು ಹಂಚಿಕೊಳ್ಳಬಹುದು. ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ ಆಡಬೇಕು ಅಷ್ಟೇ.

ಸ್ಟೀಮ್ ಡೆಕ್ ಒಎಲ್‌ಇಡಿ 2023ರ ನವೆಂಬರಿನದು: 7.4 ಇಂಚು, 640 ಗ್ರಾಂ, 50 ವ್ಯಾಟ್-ಗಂಟೆಯ ಬ್ಯಾಟರಿ, ಆಟ ನೋಡಿಕೊಂಡು 3ರಿಂದ 12 ಗಂಟೆ. ಆನ್ ಮಾಡಿದರೆ ನೇರ ಆಟದ ಪಟ್ಟಿಗೇ ಬರುತ್ತದೆ, ಪವರ್ ಬಟನ್ ಒತ್ತಿದರೆ ಆಟ ನಿಂತಲ್ಲೇ ಮಲಗುತ್ತದೆ. ಆದರೆ ಇದೂ ಭಾರತದಲ್ಲಿ ಅಧಿಕೃತವಾಗಿ ಸಿಗುವುದಿಲ್ಲ. ಆರ್‌ಒಜಿ ಅಲೈ ಸಿಗುತ್ತದೆ. 2023ರಲ್ಲಿ ಇಲ್ಲಿ ಬಂದಾಗ 69,990 ರೂ. ಇತ್ತು. ಕಂಪನಿಯ ವಾರಂಟಿ ಇರುವುದು ದೊಡ್ಡ ಮಾತು. ವಿಂಡೋಸ್ 11 ಇರುವುದರಿಂದ ಹೆಚ್ಚು ಆಟ ನಡೆಯುತ್ತವೆ, ಆದರೆ ಅದೇ ಅದರ ತಲೆನೋವೂ ಹೌದು: ಆಡಲು ಕೂತಾಗ ಅಪ್‌ಡೇಟ್, ಏಳಿಂಚಿನ ಪರದೆಯಲ್ಲಿ ಇರುವೆಯಂಥ ಅಕ್ಷರ, ಮಲಗಿಸಿದ್ದು ಬ್ಯಾಗಿನಲ್ಲಿ ತಾನೇ ಎದ್ದು ಬಿಸಿಯಾಗುವುದು. ಮೊದಲ ಅಲೈಯಲ್ಲಿ ಕಾರ್ಡ್ ಸ್ಲಾಟ್ ಬಿಸಿಗೆ ಕೈಕೊಡುವ ದೋಷವನ್ನು ಕಂಪನಿಯೇ 2023ರಲ್ಲಿ ಒಪ್ಪಿಕೊಂಡಿತ್ತು. ಹಾಗಾಗಿ ಹಳೆಯ ಅಲೈ ಕೊಳ್ಳುವವರು ಕಾರ್ಡ್ ಹಾಕಿ, ಅರ್ಧ ಗಂಟೆ ಭಾರದ ಆಟ ಆಡಿ ನೋಡಿಯೇ ದುಡ್ಡು ಕೊಡಬೇಕು.

ಎರಡೂ ಟಿವಿಗೆ ಹೋಗುತ್ತವೆ, ಚಾರ್ಜಿಂಗ್ ದಾಟಿಸುವ ಯುಎಸ್‌ಬಿ-ಸಿ ಹಬ್ ಸಾಕು. ಇಬ್ಬರ ಆಟಕ್ಕೆ ಬ್ಲೂಟೂತ್ ಕಂಟ್ರೋಲರ್ ಬೇರೆ ಕೊಳ್ಳಬೇಕು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವ ಒಬ್ಬರು ಇದ್ದರೆ ಮಾತ್ರ ಇವು ಉಡುಗೊರೆ. ಇಲ್ಲದಿದ್ದರೆ ಪ್ರತಿ ಭಾನುವಾರ ನಿಮಗೇ ವಿಡಿಯೊ ಕಾಲ್ ಬರುತ್ತದೆ.

ಉಳಿದವು

ಪ್ಲೇಸ್ಟೇಷನ್ ಪೋರ್ಟಲ್ ನೋಡಲು ಚೆಂದ, 8 ಇಂಚಿನ ಪರದೆ. ಆದರೆ ಅದು ಸ್ವಂತಕ್ಕೆ ಯಾವ ಆಟವನ್ನೂ ನಡೆಸುವುದಿಲ್ಲ. ಮನೆಯಲ್ಲಿರುವ ಪ್ಲೇಸ್ಟೇಷನ್ 5 (ಪಿಎಸ್5) ಕನ್ಸೋಲ್‌ನ ಚಿತ್ರವನ್ನು ವೈಫೈ ಮೂಲಕ ತರಿಸಿಕೊಳ್ಳುತ್ತದೆ, ಕನಿಷ್ಠ 5 ಎಂಬಿಪಿಎಸ್, ಚೆನ್ನಾಗಿರಲು 15. ಪಿಎಸ್5 ಇಲ್ಲದ ಮನೆಗೆ ಕೊಟ್ಟರೆ ಅದು ಬರೀ ಹಲಗೆ. ಪಿಎಸ್5 ಇದ್ದು, ಅಪ್ಪ ಟಿವಿ ಬಿಡದ ಮನೆಗೆ ಮಾತ್ರ ಒಳ್ಳೆಯದು.

ಜಾತ್ರೆ ಅಂಗಡಿಗಳಲ್ಲಿ, ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಗಳಲ್ಲಿ ಸಿಗುವ "400 ಇನ್ 1" ಡಬ್ಬಿ ಗೊತ್ತಲ್ಲ, ಅಂಗೈಯಷ್ಟಿರುತ್ತದೆ. 8 ಬಿಟ್ ಕಾಲದ ಆಟಗಳು, ಅದರಲ್ಲೂ ಹೆಸರು ಬೇರೆ ಆಟ ಅದೇ ಎನ್ನುವವು ಬೇಕಾದಷ್ಟು, ಆಟವನ್ನು ನಡುವೆ ಉಳಿಸಿಡಲು ಬರುವುದಿಲ್ಲ. ಒಳಗಿರುವುದು ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಅಳತೆಯ ಬ್ಯಾಟರಿ, ಅದೂ ಹೆಚ್ಚಾಗಿ ನಕಲಿ. ಹಿಂದಿನ ಮುಚ್ಚಳ ತೆಗೆದು ನೋಡಿ: ಬ್ಯಾಟರಿ ಮೇಜಿನ ಮೇಲೆ ಚಪ್ಪಟೆಯಾಗಿ ಕೂರದೆ ಬುಗುರಿಯಂತೆ ತಿರುಗಿದರೆ ಉಬ್ಬಿದೆ ಎಂದರ್ಥ, ಆವತ್ತೇ ತೆಗೆದು ಹಾಕಿ. ರಾತ್ರಿಯಿಡೀ ಚಾರ್ಜಿಗೆ ಬಿಡಲೇಬೇಡಿ.

ಹಳೆಯ ಪಿಎಸ್‌ಪಿ, ವೀಟಾ, 3ಡಿಎಸ್ ಹವ್ಯಾಸಿಗಳಿಗೆ ಸರಿ. 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲೇ ಮುಚ್ಚಿತು, ಕಾರ್ಟ್ರಿಜ್‌ಗೂ ದೇಶದ ಬೀಗ ಇದೆ. ಮಕ್ಕಳ ಮನೆಗೆ ಬೇಡ.

ಬಜೆಟ್ ಐದು ಸಾವಿರದೊಳಗೆ ಇದ್ದರೆ ಮನೆಯ ಫೋನಿಗೆ ಎರಡೂ ಬದಿ ಹಿಡಿದುಕೊಳ್ಳುವ ಯುಎಸ್‌ಬಿ-ಸಿ ಕಂಟ್ರೋಲರ್ ಕೊಡಿ. ಕೋಲು ಹಾಲ್ ಎಫೆಕ್ಟ್, ಅಂದರೆ ಉಜ್ಜದೆ ಅಯಸ್ಕಾಂತದಿಂದ ಅಳೆಯುವ ಬಗೆ, ಇರುವುದನ್ನು ಕೇಳಿ ಕೊಳ್ಳಿ. ಜಾಹೀರಾತು, ಫೋನ್ ಕಾಲ್ ಎರಡೂ ಆಟದ ನಡುವೆ ಬರುತ್ತವೆ, ಆದರೂ ಆ "400 ಇನ್ 1" ಡಬ್ಬಿಗಿಂತ ಎಷ್ಟೋ ಮೇಲು.

ಸೆಕೆಂಡ್ ಹ್ಯಾಂಡ್ ಸ್ವಿಚ್ ಪರೀಕ್ಷಿಸುವುದು

ಹುಬ್ಬಳ್ಳಿಯಲ್ಲಿ, ಮಡಗಾಂವ್‌ನಲ್ಲಿ, ಬೆಂಗಳೂರಿನಲ್ಲಿ ಎಲ್ಲಿ ಕೊಂಡರೂ ಹದಿನೈದು ನಿಮಿಷ ಕೂತು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ಸ್ ಆಂಡ್ ಸೆನ್ಸರ್ಸ್, ಅದರೊಳಗೆ ಕಂಟ್ರೋಲ್ ಸ್ಟಿಕ್ ಕ್ಯಾಲಿಬ್ರೇಟ್ ಮಾಡುವ ಪುಟ ತೆರೆಯಿರಿ. ಕೋಲನ್ನು ಮುಟ್ಟದೆ ಬಿಟ್ಟಾಗ ಚುಕ್ಕೆ ನಡುವೆ ನಿಲ್ಲಬೇಕು. ತಾನೇ ಒಂದು ಕಡೆ ಸರಿಯುತ್ತಿದ್ದರೆ ಅದೇ ಎಲ್ಲರೂ ಹೇಳುವ ಡ್ರಿಫ್ಟ್. ಕೋಲಿನ ಬುಡದಲ್ಲಿ ಇಂಗಾಲದ ತೆಳು ಪದರದ ಮೇಲೆ ಲೋಹದ ಮುಳ್ಳೊಂದು ಉಜ್ಜುತ್ತ ಇರುತ್ತದೆ. ಪದರ ಸವೆದರೂ, ಧೂಳು ತೇವ ಸೇರಿ ಮೆತ್ತಿದರೂ ಕನ್ಸೋಲ್‌ಗೆ ತಪ್ಪು ಲೆಕ್ಕ ಹೋಗುತ್ತದೆ. ಹಾಲ್ ಎಫೆಕ್ಟ್ ಕೋಲಿನಲ್ಲಿ ಅಯಸ್ಕಾಂತ ಅಳೆಯುತ್ತದೆ, ಉಜ್ಜುವುದೇ ಇಲ್ಲ. ಕರಾವಳಿಗೆ ಅದು ಮೇಲು. ಸ್ವಿಚ್‌ನಲ್ಲಿ ಅದು ಕಂಪನಿಯಿಂದ ಬರುವುದಿಲ್ಲ, ಸ್ವಿಚ್ 2ರಲ್ಲೂ ಇಲ್ಲ, ಆದರೆ ಬದಲಿಸಿ ಹಾಕುವ ಕಿಟ್ ಸಿಗುತ್ತದೆ. ಜಾಯ್‌ಕಾನ್‌ನ ಹೊರಗಿನ ನಾಲ್ಕು ಸ್ಕ್ರೂಗಳು ಮೂರು ಕಾಲಿನ ವೈ ಆಕಾರದವು, ಅದಕ್ಕೆ ತಕ್ಕ ಬಿಟ್ ಬೇಕು. ಒಳಗಿನ ಕೋಲು ಪಟ್ಟಿ ಕೇಬಲ್ಲಿನಲ್ಲಿ ಕೂತಿದೆ, ಬೆಸುಗೆ ಇಲ್ಲ. ಆದ್ದರಿಂದ ಶಿರಸಿಯ, ಕಾರವಾರದ ಕೈಪಳಗಿದ ಮೊಬೈಲ್ ರಿಪೇರಿಯವರೇ ಇದನ್ನು ಮಾಡಬಲ್ಲರು.

ಆಮೇಲೆ ಕಾರ್ಟ್ರಿಜ್ ಹಾಕಿ ಓದುತ್ತದೆಯೇ ನೋಡಿ. ಡಾಕ್‌ನಲ್ಲಿಟ್ಟು ಟಿವಿಗೆ ಚಿತ್ರ ಬರುತ್ತದೆಯೇ ನೋಡಿ, ಅಂಗಡಿಯಲ್ಲಿ ಟಿವಿ ಇಲ್ಲ ಎಂದರೆ ಅಲ್ಲಿ ಕೊಳ್ಳಬೇಡಿ. ವೈಫೈಗೆ ಸೇರಿಸಿ ಆನ್‌ಲೈನ್ ಅಂಗಡಿ ತೆರೆಯಿರಿ. ತೆರೆಯದೆ ನಿಷೇಧದ ಸಂದೇಶ ಬಂದರೆ ಹೆಚ್ಚಾಗಿ ಅದು ಯಾರೋ ಹ್ಯಾಕ್ ಮಾಡಿ ಸಿಕ್ಕಿಬಿದ್ದ ಕನ್ಸೋಲ್. ಡಾಕ್ ಕಂಪನಿಯದೇ ಆಗಿರಲಿ. 2018ರಲ್ಲಿ ಒಂದು ಅಪ್‌ಡೇಟ್ ಬಂದ ಮೇಲೆ ಬೇರೆಯವರ ಡಾಕ್ ಹಾಕಿದ ಎಷ್ಟೋ ಸ್ವಿಚ್‌ಗಳು ಸತ್ತೇಹೋದವು. ಅಡಾಪ್ಟರ್ ಮೇಲೆ 15 ವೋಲ್ಟ್ 2.6 ಆಂಪಿಯರ್ ಎಂದಿರಬೇಕು. ಫೋನ್ ಚಾರ್ಜರಿನಲ್ಲಿ ಕನ್ಸೋಲ್ ನಿಧಾನಕ್ಕೆ ಚಾರ್ಜ್ ಆದೀತು, ಟಿವಿಗೆ ಚಿತ್ರ ಬಾರದು. ದುಬೈಯ ಪಿನ್ ಚೌಕ ಮೂರು ಕಾಲಿನದು, ಅಮೆರಿಕದ್ದು ಎರಡು ಚಪ್ಪಟೆ ಕಾಲು. ಎರಡೂ 230 ವೋಲ್ಟಿಗೆ ನಡೆಯುತ್ತವೆ, ಪಿನ್ ಬದಲಿಸುವ ಗಟ್ಟಿ ಕನ್ವರ್ಟರ್ ಒಂದು ಸಾಕು.

ಮಳೆ, ಉಪ್ಪು, ಸಿಡಿಲು

ಸ್ವಿಚ್ 5ರಿಂದ 35 ಡಿಗ್ರಿ ಶಾಖ, ಶೇ. 20ರಿಂದ 80ರ ತೇವದಲ್ಲಿ ಇರಬೇಕೆಂದು ಕಂಪನಿ ಹೇಳುತ್ತದೆ. ಜುಲೈಯ ಕಾರವಾರದಲ್ಲಿ ತೇವ ಆ ಗೆರೆಯ ಮೇಲೇ ಇರುತ್ತದೆ. ದಿನಾ ಆಡುವ ಕನ್ಸೋಲ್ ತನ್ನ ಬಿಸಿಗೆ ತಾನೇ ಒಣಗುತ್ತದೆ, ಕೆಡುವುದು ಶಾಲೆ ಶುರುವಾಯಿತೆಂದು ಎರಡು ತಿಂಗಳು ಬಟ್ಟೆಚೀಲದಲ್ಲಿ ಇಟ್ಟದ್ದು. ಚೀಲಕ್ಕೆ ಬೂಸು ಹಿಡಿಯುತ್ತದೆ, ಯುಎಸ್‌ಬಿ ಬಾಯಿಯ ಒಳಗೆ ಹಸಿರು ಕಿಲುಬು ಕೂರುತ್ತದೆ. ಹಪ್ಪಳ ಹಾಕಿಡುವಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ 100 ಗ್ರಾಂ ಹಾಕಿ ಇಡಿ. ಕಿತ್ತಳೆ ಬಣ್ಣ ಹಸಿರಿಗೆ ತಿರುಗಿದಾಗ ಓವನ್ನಿನಲ್ಲಿ 110 ಡಿಗ್ರಿಗೆ ಎರಡು ತಾಸು ಒಣಗಿಸಿದರೆ ಮತ್ತೆ ಬಳಸಬಹುದು. ಅಕ್ಕಿ ಬೇಡ, ಅದರ ಹಿಟ್ಟು ಫ್ಯಾನಿನ ಸಂದಿಗೆ ಹೋಗುತ್ತದೆ. ಇಡುವಾಗ ಚಾರ್ಜ್ ಅರ್ಧ ಇರಲಿ, ತಿಂಗಳಿಗೊಮ್ಮೆ ಹೊರತೆಗೆದು ಅರ್ಧ ಗಂಟೆ ಆಡಲಿ. ಬೀಚಿಗಂತೂ ಒಯ್ಯಬೇಡಿ, ಒಂದು ಹರಳು ಮರಳು ಕೋಲಿನ ಬುಡಕ್ಕೆ ಹೋದರೆ ಸಾಕು.

ಸಿಡಿಲಿನ ವಿಷಯ ಹೆಚ್ಚಿನವರಿಗೆ ಅರ್ಧವೇ ಗೊತ್ತು. ಮೇ ತಿಂಗಳ ಗುಡುಗಿಗೆ, ಅಕ್ಟೋಬರಿನ ಗುಡುಗಿಗೆ ಎಲ್ಲರೂ ಪ್ಲಗ್ ತೆಗೆಯುತ್ತಾರೆ, ಡಿಶ್‌ನ ಕೇಬಲ್ ಮರೆಯುತ್ತಾರೆ. ಮಾಡಿನ ಮೇಲಿನ ಡಿಶ್‌ನಿಂದ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಡಾಕಿಗೆ ದಾರಿ ಇದ್ದೇ ಇದೆ. ಗೋಡೆಯ ಸ್ವಿಚ್ ಆಫ್ ಇದ್ದರೂ ಆ ದಾರಿ ತೆರೆದಿರುತ್ತದೆ. ಆದ್ದರಿಂದ ಗುಡುಗು ಕೇಳಿದರೆ ಕನ್ಸೋಲನ್ನು ಡಾಕಿನಿಂದ ಎತ್ತಿ ತೆಗೆಯುವುದೇ ಎಲ್ಲಕ್ಕಿಂತ ಸುಲಭ. ಇದನ್ನು ಮಕ್ಕಳಿಗೇ ಕಲಿಸಿ, ಆಟ ನಿಲ್ಲುವುದಿಲ್ಲ, ಕೈಯಲ್ಲಿ ಮುಂದುವರಿಯುತ್ತದೆ.

ಕರೆಂಟಿಲ್ಲದ ದಿನಕ್ಕೆ ಪವರ್‌ಬ್ಯಾಂಕ್ ಲೆಕ್ಕ ಹೀಗಿದೆ: 10,000 ಎಂಎಎಚ್ ಅಂದರೆ 37 ವ್ಯಾಟ್-ಗಂಟೆ, ದಾಟುವಾಗ ಕಾಲುಭಾಗ ಹೋಗುತ್ತದೆ ಎನ್ನಿ. ಸ್ವಿಚ್ ಬ್ಯಾಟರಿ 16 ವ್ಯಾಟ್-ಗಂಟೆ, ಅಂದರೆ ಒಂದೂವರೆ ಸಲಕ್ಕಿಂತ ಹೆಚ್ಚೇ ತುಂಬುತ್ತದೆ. ಸ್ಟೀಮ್ ಡೆಕ್‌ಗೆ ಅದೇ ಪವರ್‌ಬ್ಯಾಂಕ್ ಅರ್ಧಕ್ಕೆ ಸಾಕು. ಅದಕ್ಕೆ 20,000ದ್ದು, 45 ವ್ಯಾಟ್ ಪಿಡಿ (ಯುಎಸ್‌ಬಿ-ಸಿಯ ವೇಗದ ಚಾರ್ಜಿಂಗ್) ಇರುವುದೇ ಬೇಕು.

ಕೊಡುವ ಮುಂಚಿನ ಸಂಜೆ

ಸೀಲ್ ಒಡೆಯದೆ ಕೊಡುವುದು ಚೆಂದ ಎನಿಸುತ್ತದೆ, ಆದರೆ ಇಲ್ಲಿ ಒಡೆಯಲೇಬೇಕು. ಒಳ್ಳೆಯ ವೈಫೈ ಇರುವಲ್ಲಿ ಸಿಸ್ಟಂ ಅಪ್‌ಡೇಟ್ ಮುಗಿಸಿ. ಪ್ರತಿ ಕಾರ್ಟ್ರಿಜ್ ಒಮ್ಮೆ ಹಾಕಿ ಅದರ ಅಪ್‌ಡೇಟ್ ಇಳಿಸಿ. ಸಾದಾ ಸ್ವಿಚ್‌ನ 32 ಜಿಬಿಯಲ್ಲಿ ಬಳಕೆಗೆ ಸಿಗುವುದು ಸುಮಾರು 26, ಆದ್ದರಿಂದ 128 ಜಿಬಿ ಕಾರ್ಡ್ ಹಾಕಿಬಿಡಿ. ಅಗ್ಗದ ಕಾರ್ಡ್ ನಕಲಿಯೋ ಎಂದು ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬರೆದು ಓದಿಸಿ ನೋಡಿ. ಅಕೌಂಟ್ ಆ ಮನೆಯ ಅಮ್ಮನ ಅಥವಾ ಅಪ್ಪನ ಇಮೇಲಿನಲ್ಲೇ ಮಾಡಿ. ನಿಮ್ಮ ಅಕೌಂಟಿನಲ್ಲಿ ಡಿಜಿಟಲ್ ಆಟ ಹಾಕಿಕೊಟ್ಟರೆ ಮುಂದೆ ನೀವು ಬೆಂಗಳೂರಿನಲ್ಲಿ ಅದೇ ಆಟ ತೆರೆಯಲು ಹೋದಾಗ ಯಾರಿಗೆ ಸಿಗಬೇಕೆಂಬ ತೊಡಕು ಏಳುತ್ತದೆ. ಸ್ಟೀಮ್ ಡೆಕ್ ಆದರೆ ಪ್ರತಿ ಆಟವನ್ನೂ ನೆಟ್ ಇರುವಾಗ ಒಮ್ಮೆ ತೆರೆದು, ಆಮೇಲೆ ಆಫ್‌ಲೈನ್ ಮೋಡ್ ಹಾಕಿ.

ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್ ಅನ್ನು ಅಮ್ಮನ ಫೋನಿಗೆ ಹಾಕಿ ಜೋಡಿಸಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ನಿಲ್ಲಬೇಕು ಎಂದು ಅದರಲ್ಲಿ ಹಾಕಬಹುದು. ಹೊತ್ತು ಮೀರಿದರೆ ಬರೀ ಎಚ್ಚರಿಸುವುದು ಒಂದು ಬಗೆ, ಆಟವನ್ನೇ ನಿಲ್ಲಿಸುವುದು ಇನ್ನೊಂದು. ಮೊದಲ ವಾರ ಎಚ್ಚರಿಕೆ ಮಾತ್ರ ಇಡಿ. ರೇಸಿನ ಕೊನೆಯ ಸುತ್ತಿನಲ್ಲಿ ಪರದೆ ನಿಂತುಹೋದರೆ ಅಳು ಬರುವುದು ಮಗುವಿನ ತಪ್ಪಲ್ಲ. ಪಿನ್ ನಂಬರ್ ಮಕ್ಕಳಿಗೆ ಕಾಣದ ಕಡೆ, ಅಕ್ಕಿ ಡಬ್ಬದ ಮುಚ್ಚಳದ ಒಳಬದಿಗೋ ಎಲ್ಲೋ, ಬರೆದಿಟ್ಟು ಬನ್ನಿ. ನೀವು ಹೋದ ಎರಡನೇ ದಿನಕ್ಕೆ ಅದು ಬೇಕಾಗುತ್ತದೆ.

ಕಡೆಗೆ ಪೂರ್ತಿ ಚಾರ್ಜ್ ಮಾಡಿ, ಮಾರಿಯೊ ಕಾರ್ಟ್ ಒಳಗೇ ಹಾಕಿ, ದಾರದ ಪಟ್ಟಿ ಎರಡನ್ನೂ ಸರಿ ದಿಕ್ಕಿಗೆ ಒಮ್ಮೆ ಹಾಕಿ ತೆಗೆದು ನೋಡಿ, ಸಿಲಿಕಾ ಜೆಲ್ ಪೊಟ್ಟಣ ಸಮೇತ ಡಬ್ಬಿ ಮುಚ್ಚಿ. ಕಾಗದ ಹರಿದ ಐದು ನಿಮಿಷಕ್ಕೆ ಮೊದಲ ರೇಸ್ ಶುರುವಾಗುತ್ತದೆ.